ಹೆಡ್ ಬಿಚ್ಚುವ ಮುನ್ನ, ಬಿಚ್ಚಿದ ಮೇಲೆ

ಬೇಸಿಗೆಯ ಮಧ್ಯಾಹ್ನ ಶಿರಾಡಿ ಘಾಟಿಯನ್ನೋ ಚಾರ್ಮಾಡಿಯನ್ನೋ ಹತ್ತುವಾಗ, ರಸ್ತೆಯ ಪಕ್ಕದಲ್ಲಿ ಬಾನೆಟ್ ತೆರೆದು ನಿಂತ ಹಳೆಯ ಕಾರು ಯಾರಿಗೆ ಕಂಡಿಲ್ಲ? ಹಿಂದಿನ ಚಕ್ರಕ್ಕೊಂದು ಕಲ್ಲು, ರೇಡಿಯೇಟರಿನಿಂದ ಬುಸುಗುಡುವ ಹಬೆ, ಕೊಡ ಹಿಡಿದು ತೊರೆಯ ಕಡೆಗೆ ಇಳಿಯುತ್ತಿರುವ ಒಬ್ಬಾತ. ಅರ್ಧ ಗಂಟೆ ಕಳೆದರೆ ನೀರು ಕುಡಿದ ಕಾರು ಮತ್ತೆ ಹೊರಡುತ್ತದೆ. ಎಲ್ಲರೂ ನಿಟ್ಟುಸಿರು ಬಿಡುತ್ತಾರೆ. ಊರು ಸೇರಿ ವಾರ ಕಳೆಯುವುದರೊಳಗೆ ಮೆಕ್ಯಾನಿಕ್ ತೀರ್ಪು ಕೊಡುತ್ತಾನೆ: "ಹೆಡ್ ಗ್ಯಾಸ್ಕೆಟ್ ಹೋಗಿದೆ ಸಾರ್."

ಹೋದದ್ದು ಒಂದು ತೆಳು ಹಾಳೆ. ಹಳೆಯ ಕಾರುಗಳಿಗಾದರೆ ಅದರ ಬೆಲೆ ದೊಡ್ಡದಲ್ಲ. ಅದಿರುವ ಜಾಗಕ್ಕೆ ಹೋಗಲು ಎಂಜಿನ್ನಿನ ಮೇಲರ್ಧವನ್ನೇ ಬಿಚ್ಚಬೇಕು, ಆದ್ದರಿಂದ ಬಿಲ್ಲಿನಲ್ಲಿ ಕೂಲಿಯದೇ ಸಿಂಹಪಾಲು. ಸ್ಪ್ಯಾನರ್ ಹಿಡಿದು ಅಭ್ಯಾಸವಿರುವವರಿಗೆ, ಎರಡು ದಿನ ಬಿಡುವಿದ್ದರೆ, ಮನೆಯಂಗಳದಲ್ಲೇ ಇದನ್ನು ಮಾಡಿಬಿಡೋಣ ಎನ್ನಿಸುವುದು ಸಹಜ. ಮಾಡಬಹುದೆ? ಹಳೆಯ ಪೆಟ್ರೋಲ್ ಅಂಬಾಸಡರ್, ಪ್ರೀಮಿಯರ್ ಪದ್ಮಿನಿಗಳಲ್ಲಿ ಖಂಡಿತ ಮಾಡಬಹುದು. ಆದರೆ ಹಳೆಯದನ್ನು ತೆಗೆದು ಹೊಸದನ್ನು ಕೂರಿಸಿದರೆ ಮುಗಿಯಿತು ಎಂದುಕೊಂಡವರಿಗೆ ಎರಡನೆಯ ಸಲ ಬಿಚ್ಚುವ ಯೋಗ ತಪ್ಪಿದ್ದಲ್ಲ. ಗ್ಯಾಸ್ಕೆಟ್ ತಾನಾಗಿ ಸಾಯುವುದು ಅಪರೂಪ. ಅದನ್ನು ಕೊಂದದ್ದು ಯಾವುದು ಎಂದು ಹುಡುಕುವುದೇ ಅರ್ಧ ಕೆಲಸ.

ಅದು ಹೊರುವ ಭಾರವನ್ನು ಸ್ವಲ್ಪ ಊಹಿಸಿಕೊಳ್ಳಿ. ಕೆಳಗೆ ಪಿಸ್ಟನ್‌ಗಳು ಓಡಾಡುವ ಬ್ಲಾಕು. ಮೇಲೆ ವಾಲ್ವ್‌ಗಳಿರುವ ಹೆಡ್ಡು. ಎರಡರ ನಡುವೆ ಈ ಹಾಳೆ. ಸಿಲಿಂಡರಿನೊಳಗೆ ಪೆಟ್ರೋಲು ಉರಿದ ಕ್ಷಣದಲ್ಲಿ ಶಾಖ 2000 ಡಿಗ್ರಿಯನ್ನು ಮೀರುತ್ತದೆ. ಒತ್ತಡ ವಾತಾವರಣದ ಒತ್ತಡಕ್ಕಿಂತ ಮೂವತ್ತು ನಲವತ್ತು ಪಟ್ಟು ಏರುತ್ತದೆ. ಅಲ್ಲಿಂದ ಬೆರಳಗಲ ದೂರದಲ್ಲಿ ತಂಪು ಮಾಡುವ ನೀರಿನ ದಾರಿ, ಅದರ ಪಕ್ಕದಲ್ಲೇ ಆಯಿಲಿನ ದಾರಿ. ಬೆಂಕಿ, ನೀರು, ಎಣ್ಣೆ ಈ ಮೂರೂ ಒಂದನ್ನೊಂದು ಮುಟ್ಟದಂತೆ ಕಾಯುವುದು ಈ ಹಾಳೆಯ ಕೆಲಸ.

ಕಾವಲು ತಪ್ಪಿದಾಗ ಯಾವುದು ಯಾವುದಕ್ಕೆ ಸೇರಿತು ಎಂಬುದರ ಮೇಲೆ ಲಕ್ಷಣ ಬದಲಾಗುತ್ತದೆ. ನೀರು ಸಿಲಿಂಡರಿಗೆ ಇಳಿದರೆ ಎಂಜಿನ್ ಬಿಸಿಯಾದ ಮೇಲೂ ಸೈಲೆನ್ಸರಿನಿಂದ ಬಿಳಿ ಹೊಗೆ. ಉರಿದ ಅನಿಲ ನೀರಿಗೆ ನುಗ್ಗಿದರೆ ರೇಡಿಯೇಟರಿನಲ್ಲಿ ಗುಳ್ಳೆಗಳು. ನೀರು ಆಯಿಲಿಗೆ ಬೆರೆತರೆ ಡಿಪ್‌ಸ್ಟಿಕ್‌ನಲ್ಲಿ ಹಾಲು ಹೆಚ್ಚಾದ ಕಾಫಿಯ ಬಣ್ಣ. ಅಕ್ಕಪಕ್ಕದ ಎರಡು ಸಿಲಿಂಡರುಗಳ ನಡುವಣ ಪಟ್ಟಿ ಸುಟ್ಟಿದ್ದರೆ ನೀರೂ ಕಡಿಮೆಯಾಗದು, ಹೊಗೆಯೂ ಬಾರದು. ಎಂಜಿನ್ ಸುಮ್ಮನೆ ಕುಂಟುತ್ತದೆ. ಕಂಪ್ರೆಶನ್ ಗೇಜ್ ಇಟ್ಟು ನೋಡಿದಾಗ ಪಕ್ಕಪಕ್ಕದ ಎರಡು ಸಿಲಿಂಡರುಗಳು ಒಟ್ಟಿಗೇ ಸೋತಿದ್ದರೆ ಸಂಶಯ ಬೇಡ. ಮಲೆನಾಡಿನವರಿಗೆ ಒಂದು ಮಾತು: ಮಳೆಗಾಲದಲ್ಲಿ ಅಂಗಡಿ, ಶಾಲೆ ಎಂದು ಒಂದೆರಡು ಕಿಲೋಮೀಟರು ಮಾತ್ರ ಓಡುವ ಕಾರಿನ ಆಯಿಲ್ ಮುಚ್ಚಳದ ಒಳಗೆ ಬೆಣ್ಣೆಯಂಥ ಪದರ ಕಟ್ಟಿದ್ದರೆ ಗಾಬರಿಯಾಗಬೇಡಿ. ಅದು ಬರಿಯ ಗಾಳಿಯ ತೇವವೂ ಇರಬಹುದು. ಒಮ್ಮೆ ದೂರ ಓಡಿಸಿ ಬಂದು, ಒರೆಸಿ, ಮತ್ತೆ ನೋಡಿ.

ಗ್ಯಾಸ್ಕೆಟ್ ಹೋಗಿರುವುದು ಖಚಿತವಾದರೆ ಕಾರನ್ನು ಓಡಿಸುವುದನ್ನು ನಿಲ್ಲಿಸಿ. "ಇನ್ನೆರಡು ದಿನ ಹೇಗೋ ತಳ್ಳೋಣ" ಎಂಬುದು ದುಬಾರಿ ಲೆಕ್ಕ. ಆಯಿಲಿಗೆ ಬೆರೆತ ನೀರು ಬೇರಿಂಗುಗಳನ್ನು ತಿನ್ನುತ್ತದೆ. ರಾತ್ರಿಯೆಲ್ಲ ಸಿಲಿಂಡರಿನಲ್ಲಿ ನೀರು ತುಂಬಿ, ಬೆಳಿಗ್ಗೆ ಸ್ಟಾರ್ಟರ್ ಒತ್ತಿದರೆ, ನೀರನ್ನು ಹಿಂಡಲಾಗದೆ ಕನೆಕ್ಟಿಂಗ್ ರಾಡ್ ಬಾಗಬಹುದು.

ಬಿಚ್ಚುವ ಕೆಲಸ ಪೂರ್ತಿ ತಣ್ಣಗಾದ ಎಂಜಿನ್ನಿನ ಮೇಲೆಯೇ ನಡೆಯಬೇಕು. ಪದ್ಮಿನಿಯ ಹೆಡ್ ಅಲ್ಯೂಮಿನಿಯಮ್. ಬಿಸಿಯಿರುವಾಗ ಸಡಿಲಿಸಿದರೆ ಬಾಗುತ್ತದೆ. ಬ್ಯಾಟರಿಯ ತಂತಿ ಕಳಚಿ, ನೀರನ್ನು ಅಗಲ ಪಾತ್ರೆಗೆ ಇಳಿಸಿ. ಕೂಲೆಂಟ್ ಬೆರೆಸಿದ್ದರೆ ಆ ಪಾತ್ರೆಯನ್ನು ಮುಚ್ಚಿಡಿ. ಅದು ಸಿಹಿ, ಅಷ್ಟೇ ವಿಷ. ಬೀದಿನಾಯಿ ನೆಕ್ಕಿದರೆ ಬದುಕುವುದು ಕಷ್ಟ.

1489 ಸಿಸಿಯ ಹಳೆಯ ಅಂಬಾಸಡರ್ ಎಂಜಿನ್ ಮನೆಗೆಲಸಕ್ಕೆಂದೇ ಹುಟ್ಟಿದಂತಿದೆ. (ಬ್ರಿಟನ್ನಿನ ಇದೇ ಬಿ-ಸೀರೀಸ್ ಎಂಜಿನ್ 1955ರಲ್ಲಿ ಬಂದ ಎಂ.ಜಿ.ಎ. ಎಂಬ ಸ್ಪೋರ್ಟ್ಸ್ ಕಾರನ್ನೂ ಓಡಿಸಿತ್ತು ಎಂದರೆ ನಮ್ಮ ಟ್ಯಾಕ್ಸಿ ಚಾಲಕರು ನಗಬಹುದು!) ಕಾರ್ಬುರೇಟರ್, ಸೈಲೆನ್ಸರಿನ ಮ್ಯಾನಿಫೋಲ್ಡ್ ಎಲ್ಲವೂ ಒಂದೇ ಪಕ್ಕದಲ್ಲಿ, ಕೈಯಾಡಿಸಲು ಬೇಕಾದಷ್ಟು ಜಾಗ. ಒಂದು ಎಚ್ಚರಿಕೆ ಮಾತ್ರ ಬೇಕು. ವಾಲ್ವ್ ಒತ್ತುವ ರಾಕರ್‌ಗಳ ಶಾಫ್ಟನ್ನು ಹಿಡಿದಿರುವ ಕೆಲವು ನಟ್ಟುಗಳು ಹೆಡ್ಡನ್ನೂ ಹಿಡಿದಿವೆ. ರಾಕರ್ ತಾನೆ ಎಂದು ಅವನ್ನಷ್ಟೇ ಬಿಚ್ಚಿದರೆ ಹೆಡ್ಡಿನ ಒಂದು ಭಾಗ ಸಡಿಲ, ಇನ್ನೊಂದು ಬಿಗಿ. ಎಲ್ಲ ನಟ್ಟುಗಳನ್ನೂ ಸರದಿಯಂತೆ ಸ್ವಲ್ಪ ಸ್ವಲ್ಪವೇ ಸಡಿಲಿಸುತ್ತ ಬರಬೇಕು.

ಎಂಟು ಪುಶ್ ರಾಡ್‌ಗಳು ಹೊರಬರುತ್ತವೆ. ಹಳೆಯ ರಟ್ಟಿನ ಪೆಟ್ಟಿಗೆಗೆ ಎಂಟು ತೂತು ಕೊರೆದು, ನಂಬರು ಬರೆದು, ಒಂದೊಂದನ್ನೂ ಅದರದರ ತೂತಿಗೆ ಸಿಕ್ಕಿಸಿಡಿ. ವರ್ಷಗಟ್ಟಲೆ ಒಂದೇ ಜೊತೆಯೊಡನೆ ಸವೆದ ಕಡ್ಡಿಗಳನ್ನು ಅದಲುಬದಲು ಮಾಡಬಾರದು. ಹೆಡ್ ಅಂಟಿಕೊಂಡಿದ್ದರೆ ಸಂದಿಗೆ ಸ್ಕ್ರೂಡ್ರೈವರ್ ತೂರಿಸಿ ಮೀಟುವ ಚಪಲ ಎಲ್ಲರಿಗೂ ಬರುತ್ತದೆ. ಬೇಡ. ಅಲ್ಲಿ ಬಿದ್ದ ಒಂದು ಗೀರು ಹೊಸ ಗ್ಯಾಸ್ಕೆಟ್‌ಗೂ ಸೋರುವ ದಾರಿ. ಮರದ ತುಂಡಿಟ್ಟು ಸುತ್ತಲೂ ಮೆಲ್ಲಗೆ ತಟ್ಟಿದರೆ ಬಿಟ್ಟುಕೊಳ್ಳುತ್ತದೆ. ಎತ್ತುವಾಗ ಇನ್ನೊಬ್ಬರ ಕೈ ಇರಲಿ. ಅಂಬಾಸಡರ್‌ನದು ಬೀಡುಕಬ್ಬಿಣದ ಹೆಡ್ಡು; ಬಾಗಿ ನಿಂತು ಒಬ್ಬರೇ ಎತ್ತಿದರೆ ಸೊಂಟ ಹಿಡಿಯುವುದು ಖಾತ್ರಿ.

ಈಗ ಹಳೆಯ ಗ್ಯಾಸ್ಕೆಟ್ಟನ್ನು ಎಸೆಯದೆ ಬೆಳಕಿಗೆ ಹಿಡಿದು ನೋಡಿ. ಕಪ್ಪಾಗಿ ಸುಟ್ಟ ಜಾಗ ಎಲ್ಲಿದೆ? ಎರಡು ಸಿಲಿಂಡರುಗಳ ನಡುವೆಯೆ? ನೀರಿನ ತೂತಿನ ಕಡೆಗೆಯೆ? ಅದೇ ಜಾಗಕ್ಕೆ ಎದುರಾಗಿ ಹೆಡ್ಡಿನಲ್ಲೂ ಬ್ಲಾಕಿನಲ್ಲೂ ಬಿರುಕು, ಹಳ್ಳ ಹುಡುಕಿ. ಹಿಂದಿನ ಕಾಲದ ಗ್ಯಾಸ್ಕೆಟ್‌ಗಳಲ್ಲಿ ತಾಮ್ರದ ಹಾಳೆಗಳ ನಡುವೆ ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಇರುತ್ತಿತ್ತು. ಅದರ ಪುಡಿ ಶ್ವಾಸಕೋಶಕ್ಕೆ ಹೋಗಬಾರದು. ಅಂಟಿದ ಚೂರುಗಳನ್ನು ಒದ್ದೆ ಮಾಡಿಕೊಂಡೇ ಕೆರೆಯಿರಿ. ಉಪ್ಪುಕಾಗದ ಹಾಕಿ ಒಣದಾಗಿ ಉಜ್ಜುವುದು, ಗಾಳಿ ಹೊಡೆಯುವುದು ಬೇಡವೇ ಬೇಡ.

ಮನೆಯ ಕೆಲಸ ಸೋಲುವುದು ಸಾಮಾನ್ಯವಾಗಿ ಮುಂದಿನ ಹಂತದಲ್ಲಿ. ಉಕ್ಕಿನ ನೇರ ಪಟ್ಟಿಯನ್ನು ಹೆಡ್ಡಿನ ಮೇಲೆ ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ ಇಟ್ಟು ಸಂದಿಗೆ ಫೀಲರ್ ಗೇಜ್ ತೂರಿಸಿ ನೋಡಬೇಕು. ಸಣ್ಣ ಕಾರುಗಳ ಕೈಪಿಡಿಗಳು ಸಾಮಾನ್ಯವಾಗಿ ಒಪ್ಪುವ ಸೊಟ್ಟು 0.05 ಮಿಲಿಮೀಟರಿನ ಆಸುಪಾಸು. ತಲೆಗೂದಲಿನಷ್ಟು! ಕಣ್ಣಿಗೆ ಅದು ಕಾಣುವುದಿಲ್ಲ. ಅಲ್ಯೂಮಿನಿಯಮ್ ಬಿಸಿಗೆ ಕಬ್ಬಿಣಕ್ಕಿಂತ ಸುಮಾರು ಎರಡು ಪಟ್ಟು ಹಿಗ್ಗುವುದರಿಂದ ಪದ್ಮಿನಿ, ಮಾರುತಿ 800ರಂಥವುಗಳ ಹೆಡ್ಡು ಒಮ್ಮೆ ಕುದಿದರೂ ಸೊಟ್ಟಗಾಗುವ ಸಂಭವ ಹೆಚ್ಚು. ಸೊಟ್ಟಿದ್ದರೆ ಲೇತಿನವರ ಬಳಿಗೆ ಹೊತ್ತೊಯ್ದು ಫೇಸಿಂಗ್ ಮಾಡಿಸಲೇಬೇಕು. ಆಟೊ ಬಾಡಿಗೆ, ಒಂದು ದಿನದ ಕಾಯುವಿಕೆ ಎಂದು ಇದನ್ನು ಬಿಟ್ಟವರ ಹೊಸ ಗ್ಯಾಸ್ಕೆಟ್ ಹೆಚ್ಚು ದಿನ ಬಾಳುವುದಿಲ್ಲ. ಹಾಗೆಂದು ಮತ್ತೆ ಮತ್ತೆ ಹೆರೆಸುವಂತೆಯೂ ಇಲ್ಲ. ಹೆರೆದಷ್ಟೂ ಉರಿಯುವ ಜಾಗ ಕಿರಿದಾಗಿ, ಏರಿನಲ್ಲಿ ಎಂಜಿನ್ 'ಕಟಕಟ' ಎಂದು ಬಡಿದುಕೊಳ್ಳುತ್ತದೆ.

ಕೂರಿಸುವುದಕ್ಕೆ ಬೇಕಾದದ್ದು ಶುಚಿ ಮತ್ತು ತಾಳ್ಮೆ. ಬೋಲ್ಟಿನ ಗುಳಿಗಳಲ್ಲಿ ನೀರು, ಆಯಿಲು ನಿಂತಿರಬಾರದು. ಬಿಗಿಯುವಾಗ ಅದು ಹೋಗಲು ದಾರಿಯಿಲ್ಲದೆ ಬ್ಲಾಕನ್ನೇ ಸೀಳಬಲ್ಲದು. ಗ್ಯಾಸ್ಕೆಟ್ಟಿನ ಯಾವ ಮೈ ಮೇಲೆ ಎಂಬುದನ್ನು ಅದರ ಮೇಲಿನ ಗುರುತು ನೋಡಿ, ನೀರಿನ ತೂತುಗಳನ್ನು ಹೊಂದಿಸಿ ನೋಡಿ, ಆಮೇಲೆ ಇಡಿ. ನಟ್ಟು ಬಿಗಿಯುವುದು ನಡುವಿನಿಂದ ಹೊರಕ್ಕೆ, ಚಾಪೆಯ ಸುಕ್ಕನ್ನು ಅಂಗೈಯಿಂದ ನೀವಿದ ಹಾಗೆ, ಮೂರು ಸುತ್ತಿನಲ್ಲಿ. ಕೊನೆಯ ಬಿಗಿಗೆ ಟಾರ್ಕ್ ರೆಂಚ್ ಬೇಕು. "ಕೈ ಅಂದಾಜು ಸಾಕು" ಎನ್ನುವ ಹಳಬರಿದ್ದಾರೆ. ನಲವತ್ತು ವರ್ಷ ಬಿಗಿದ ಅವರ ಕೈಗೆ ಆ ಮಾತು ಸಲ್ಲುತ್ತದೆ, ನಮ್ಮ ನಿಮ್ಮ ಕೈಗಲ್ಲ. ಅಂಕಿ ನಿಮ್ಮ ಎಂಜಿನ್ನಿನ ಕೈಪಿಡಿಯದೇ ಆಗಿರಲಿ.

ಮಾರುತಿ 800ರಲ್ಲಿ ಇನ್ನೊಂದು ತೊಡಕು: ಕ್ಯಾಮ್ ಶಾಫ್ಟ್ ಹೆಡ್ಡಿನ ಮೇಲೆಯೇ ಇದೆ, ಅದನ್ನು ತಿರುಗಿಸುವುದು ಟೈಮಿಂಗ್ ಬೆಲ್ಟು. ಬಿಚ್ಚುವ ಮುಂಚೆ ಗುರುತುಗಳನ್ನು ಕೂಡಿಸಿಕೊಳ್ಳದೆ ಕೈಹಾಕಬಾರದು. ಇತ್ತೀಚಿನ ಕಾರುಗಳನ್ನಂತೂ ಮನೆಯಲ್ಲಿ ಬಿಚ್ಚದಿರುವುದೇ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಅವುಗಳಲ್ಲಿ ಅನೇಕದರ ಹೆಡ್ ಬೋಲ್ಟುಗಳು ಬಿಗಿದಾಗ ಎಳೆದುಕೊಂಡು ಉದ್ದವಾಗುವಂಥವು. ಒಮ್ಮೆ ಬಿಚ್ಚಿದರೆ ಹೊಸವೇ ಬೇಕು, ಬಿಗಿಯುವುದೂ ಡಿಗ್ರಿ ಲೆಕ್ಕದಲ್ಲಿ.

ಇನ್ನು ಕೊಲೆಗಾರನ ಹುಡುಕಾಟ. ಬಯಲುಸೀಮೆಯಲ್ಲಿ ಮೊದಲ ಸಂಶಯ ಬೋರ್‌ವೆಲ್ ನೀರಿನ ಮೇಲೆ. ಸ್ನಾನದ ಹಂಡೆಯೊಳಗೆ ಕಟ್ಟುವ ಬಿಳಿ ಹೊಪ್ಪಳಿಕೆಯೇ ರೇಡಿಯೇಟರಿನ ನಳಿಕೆಗಳಲ್ಲೂ ಕಟ್ಟುತ್ತದೆ, ನೀರಿನ ಓಟ ಕುಗ್ಗುತ್ತದೆ. ಕೂಲೆಂಟನ್ನು ಡಿಸ್ಟಿಲ್ಡ್ ವಾಟರ್‌ಗೆ ಬೆರೆಸಿ ಹಾಕುವುದು ಶೋಕಿಯಲ್ಲ. ಎರಡನೆಯದು ರೇಡಿಯೇಟರಿನ ಮುಚ್ಚಳ. ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ತೆರೆದ ಪಾತ್ರೆಯ ನೀರು 97 ಡಿಗ್ರಿಯ ಹೊತ್ತಿಗೇ ಕುದಿಯುತ್ತದೆ. ಮುಚ್ಚಳದ ಸ್ಪ್ರಿಂಗು ಕುಕ್ಕರಿನ ವೆಯ್ಟಿನಂತೆ ಒತ್ತಡ ಹಿಡಿದು ಕುದಿಬಿಂದುವನ್ನು ಮೇಲೇರಿಸುತ್ತದೆ. ರಬ್ಬರು ಸೆಟೆದ ಮುಚ್ಚಳ ಇದ್ದೂ ಇಲ್ಲದ ಹಾಗೆ. ಮೂರನೆಯದು ಥರ್ಮೋಸ್ಟಾಟ್. "ನಮ್ಮ ಸೆಕೆಗೆ ಇದೆಲ್ಲ ಬೇಡ" ಎಂದು ಅದನ್ನು ಕಿತ್ತೆಸೆಯುವುದು ನಮ್ಮ ಗ್ಯಾರೇಜುಗಳ ಹಳೆಯ ಚಾಳಿ. ಕೆಲವು ಎಂಜಿನ್ನುಗಳಲ್ಲಿ ಅದಿಲ್ಲದಿದ್ದರೆ ಬಿಸಿನೀರಿನ ಒಂದು ಪಾಲು ರೇಡಿಯೇಟರಿಗೆ ಹೋಗದೆ ಅಡ್ಡದಾರಿಯಲ್ಲಿ ಎಂಜಿನ್ನಿಗೇ ಮರಳುತ್ತದೆ. ವಾಟರ್ ಪಂಪು, ಫ್ಯಾನ್ ಬೆಲ್ಟುಗಳನ್ನೂ ಇದೇ ಹೊತ್ತಿನಲ್ಲಿ ನೋಡಿಬಿಡಿ. ಹೆಡ್ ತೆಗೆದಾಗ ಸಿಗುವಷ್ಟು ಸಲೀಸು ಮತ್ತೆ ಸಿಗದು. ಘಾಟಿಯಲ್ಲಿ ಕುದಿದ ಎಂಜಿನ್ನಿಗೆ ಆ ಕ್ಷಣವೇ ತೊರೆಯ ತಣ್ಣೀರು ಸುರಿಯುವುದೂ ಹೆಡ್ ಬಿರಿಯಲು ಒಂದು ಕಾರಣವೇ.

ಎಲ್ಲ ಕೂರಿಸಿದ ಮೇಲೆ ಆಯಿಲನ್ನೂ ಫಿಲ್ಟರನ್ನೂ ಬದಲಿಸಿ. ಟ್ಯಾಪೆಟ್ ಸಂದಿ ಹೊಂದಿಸಿ. ರೇಡಿಯೇಟರ್ ತುಂಬಿ, ಮುಚ್ಚಳ ತೆಗೆದೇ ಎಂಜಿನ್ ಶುರು ಮಾಡಿದರೆ ಒಳಗೆ ಸಿಕ್ಕಿಕೊಂಡ ಗಾಳಿ ಗುಳುಗುಳು ಎಂದು ಹೊರಬರುತ್ತದೆ; ನೀರು ಇಳಿದಂತೆ ತುಂಬುತ್ತ ಹೋಗಿ, ನೀರು ಕಾಯುವ ಮುನ್ನ ಮುಚ್ಚಳ ಹಾಕಿ. ಸೈಲೆನ್ಸರಿನಿಂದ ಸ್ವಲ್ಪ ಹೊತ್ತು ಬಿಳಿ ಹಬೆ ಬರುವುದು ಸಹಜ, ಒಳಗೆ ಉಳಿದ ನೀರು ಆರುವವರೆಗೆ. ಮೊದಲ ವಾರ ದಿನವೂ ಬೆಳಿಗ್ಗೆ, ಎಂಜಿನ್ ತಣ್ಣಗಿರುವಾಗ, ನೀರಿನ ಮಟ್ಟ ಮತ್ತು ಡಿಪ್‌ಸ್ಟಿಕ್ ನೋಡಿ. ತಾಮ್ರದ ಹಳೆಯ ಮಾದರಿಯ ಗ್ಯಾಸ್ಕೆಟ್ ಹಾಕಿದ್ದರೆ ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ, ಕೈಪಿಡಿ ಹೇಳಿದಂತೆ, ನಟ್ಟುಗಳನ್ನು ಅದೇ ಕ್ರಮದಲ್ಲಿ ಇನ್ನೊಮ್ಮೆ ಬಿಗಿಯಬೇಕಾಗುತ್ತದೆ. ಆಮೇಲೆ ಟ್ಯಾಪೆಟ್ ಸಂದಿಯನ್ನು ಮತ್ತೆ ನೋಡಬೇಕು, ಏಕೆಂದರೆ ಹೆಡ್ ಕೂದಲೆಳೆಯಷ್ಟು ಕೆಳಗಿಳಿದಿರುತ್ತದೆ.