ಅನಲಾಗ್ ಸ್ವಿಚ್ ಮಾದರಿಗಳ ಸಿಮ್ಯುಲೇಶನ್ ದೋಷಗಳು

ಅನಲಾಗ್ ಸ್ವಿಚ್ ಎಂಬುದು ನಿಯಂತ್ರಣ ವೋಲ್ಟೇಜಿಗೆ ಅನುಗುಣವಾಗಿ ವಿದ್ಯುತ್ ಸಂಕೇತವನ್ನು ಹಾಯಗೊಡುವ ಅಥವಾ ತಡೆಯುವ ಇಲೆಕ್ಟ್ರಾನಿಕ್ ಘಟಕ. ಇಂತಹ ಸ್ವಿಚ್ಚುಗಳುಳ್ಳ ವಿದ್ಯುನ್ಮಂಡಲಗಳನ್ನು ಜೋಡಿಸುವ ಮೊದಲು ಅವುಗಳ ವರ್ತನೆಯನ್ನು ಕಂಪ್ಯೂಟರಿನಲ್ಲಿ ಲೆಕ್ಕಹಾಕಿ ನೋಡುವುದೇ ಸಿಮ್ಯುಲೇಶನ್. ಈ ಲೆಕ್ಕಾಚಾರ ಕೆಲವೊಮ್ಮೆ ದೋಷಸಂದೇಶದೊಡನೆ ನಿಂತುಹೋಗುತ್ತದೆ. ಕೆಲವೊಮ್ಮೆ ನಿಲ್ಲದೆಯೇ ತಪ್ಪು ಉತ್ತರ ಕೊಡುತ್ತದೆ. ಎರಡನೆಯದೇ ಹೆಚ್ಚು ಅಪಾಯಕಾರಿ.

ಹಿನ್ನೆಲೆ

ಇಂದಿನ ಅನೇಕ ಸಿಮ್ಯುಲೇಟರುಗಳಿಗೆ ಮೂಲ ಸ್ಪೈಸ್ ಎಂಬ ತಂತ್ರಾಂಶ. ಅಮೆರಿಕದ ಬರ್ಕ್ಲಿಯಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಡೊನಾಲ್ಡ್ ಪೆಡರ್ಸನ್ ಅವರ ಮಾರ್ಗದರ್ಶನದಲ್ಲಿ ಲಾರೆನ್ಸ್ ನೇಗಲ್ ಅವರು ರೂಪಿಸಿದ ಇದು 1973ರಲ್ಲಿ ಹೊರಬಂದಿತು. ಸ್ಪೈಸ್ ಮಂಡಲದ ಸಮೀಕರಣಗಳನ್ನು ನ್ಯೂಟನ್-ರಾಫ್ಸನ್ ವಿಧಾನದಿಂದ ಬಿಡಿಸುತ್ತದೆ. ಒಂದು ಊಹೆಯಿಂದ ಆರಂಭಿಸಿ, ಅದನ್ನು ಮತ್ತೆ ಮತ್ತೆ ತಿದ್ದುತ್ತ ಉತ್ತರವನ್ನು ಸಮೀಪಿಸುವುದು ಈ ವಿಧಾನದ ಕ್ರಮ. ಬೆಲೆಗಳು ನಯವಾಗಿ ಬದಲಾದರೆ ಇದು ಸುಗಮ. ಥಟ್ಟನೆ ಜಿಗಿದರೆ ಕಷ್ಟ. ಸ್ವಿಚ್ಚಿನ ಸ್ವಭಾವವೇ ಜಿಗಿತ.

ಆದರ್ಶ ಮಾದರಿ ಮತ್ತು ನಿಜವಾದ ಘಟಕ

ಸ್ಪೈಸ್‌ನ ಮೂರನೆಯ ಆವೃತ್ತಿಯ ಆದರ್ಶ ಸ್ವಿಚ್ಚಿಗೆ ಹೊಸ್ತಿಲು ವೋಲ್ಟೇಜ್, ಹಿಸ್ಟರಿಸಿಸ್ ವೋಲ್ಟೇಜ್, ತೆರೆದ ಸ್ಥಿತಿಯ ರೋಧ ಮತ್ತು ಮುಚ್ಚಿದ ಸ್ಥಿತಿಯ ರೋಧ ಎಂಬ ನಾಲ್ಕು ಬೆಲೆಗಳಿವೆ. ಬಳಕೆದಾರರು ಏನನ್ನೂ ಸೂಚಿಸದಿದ್ದರೆ ಮುಚ್ಚಿದಾಗ, ಅಂದರೆ ವಿದ್ಯುತ್ ಹರಿಯುವಾಗ, ರೋಧ 1 ಓಮ್; ತೆರೆದಾಗ 1 ಲಕ್ಷ ಕೋಟಿ ಓಮ್. ಆದರೆ ಪ್ರಯೋಗಾಲಯಗಳಲ್ಲಿ ಸಾಮಾನ್ಯವಾಗಿ ಬಳಸುವ, ನಾಲ್ಕು ಸ್ವಿಚ್ಚುಗಳುಳ್ಳ ಸಿಡಿ4066 ಚಿಪ್ಪಿನಲ್ಲಿ ಮುಚ್ಚಿದ ಸ್ಥಿತಿಯ ರೋಧ 15 ವೋಲ್ಟ್ ಪೂರೈಕೆಯಲ್ಲಿ ಸುಮಾರು 125 ಓಮ್ ಇರುತ್ತದೆ. ಪೂರೈಕೆ ತಗ್ಗಿದಂತೆ ಅದು ಹೆಚ್ಚುತ್ತದೆ.

ಸಾಮಾನ್ಯ ದೋಷಗಳು ಮತ್ತು ಪರಿಹಾರ

ಕಾಲದ ಹೆಜ್ಜೆ ತೀರಾ ಚಿಕ್ಕದಾಯಿತು ಎಂಬ ಸಂದೇಶ: ಹಠಾತ್ ಬದಲಾವಣೆಯನ್ನು ಹಿಂಬಾಲಿಸಲು ಸಿಮ್ಯುಲೇಟರು ಹೆಜ್ಜೆಯನ್ನು ಕಿರಿದುಗೊಳಿಸುತ್ತ ಹೋಗಿ ಸೋತಿದೆ ಎಂದರ್ಥ. ಎರಡು ರೋಧಗಳ ಅಂತರವನ್ನು ಅಗತ್ಯಕ್ಕೆ ತಕ್ಕಷ್ಟೇ ಇಡಬೇಕು. 100 ಓಮ್ ಮತ್ತು 10 ಕೋಟಿ ಓಮ್ ಎಷ್ಟೋ ಸಂದರ್ಭಗಳಲ್ಲಿ ಸಾಕು. ನಿಯಂತ್ರಣ ಸಂಕೇತದ ಏರಿಕೆಗೂ ಇಳಿಕೆಗೂ ಸ್ವಲ್ಪ ಕಾಲಾವಧಿ ಕೊಡಬೇಕು. ಸ್ವಿಚ್ಚಿನ ಹೊರಹರಿವು ಅದರ ನಿಯಂತ್ರಣಕ್ಕೇ ಮರಳುವ ಮಂಡಲದಲ್ಲಿ ಹಿಸ್ಟರಿಸಿಸ್ ಸೊನ್ನೆಯಾಗಿದ್ದರೆ ಸ್ವಿಚ್ ತೆರೆದು ಮುಚ್ಚಿ ಕಂಪಿಸುವುದುಂಟು.

ಸಮೀಕರಣಗಳಿಗೆ ಉತ್ತರವಿಲ್ಲ ಎಂಬ ಸಂದೇಶ: ಯಾವುದೋ ಒಂದು ಸಂಧಿಯಿಂದ ನೆಲಕ್ಕೆ ನೇರ ವಿದ್ಯುತ್ತಿನ ಹಾದಿಯಿಲ್ಲದಿದ್ದರೆ ಇದು ಬರಬಹುದು. ಎರಡು ಕೆಪಾಸಿಟರುಗಳ ನಡುವಿನ ಸಂಧಿ, ಜೋಡಿಸದೆ ಬಿಟ್ಟ ನಿಯಂತ್ರಣ ಪಿನ್ ಇದಕ್ಕೆ ಉದಾಹರಣೆಗಳು. ಅಲ್ಲಿಂದ ನೆಲಕ್ಕೆ 100 ಕೋಟಿ ಓಮಿನಂತಹ ದೊಡ್ಡ ರೋಧವನ್ನು ಸೇರಿಸಬಹುದು. ಪಿನ್ ಬಿಟ್ಟುಹೋಗಿದ್ದರೆ ಅದನ್ನು ಜೋಡಿಸುವುದೇ ಸರಿಯಾದ ಪರಿಹಾರ.

ಪಿನ್‌ಗಳ ಕ್ರಮ: ತಯಾರಕರು ಒದಗಿಸುವ ಉಪಮಂಡಲದಲ್ಲಿ ಪಿನ್‌ಗಳನ್ನು ಗುರುತಿಸುವುದು ಹೆಸರಿನಿಂದಲ್ಲ, ಬರೆದ ಕ್ರಮದಿಂದ. ಚಿತ್ರಸಂಕೇತದ ಕ್ರಮ ಬೇರೆಯಾಗಿದ್ದರೆ ಯಾವ ಸಂದೇಶವೂ ಇಲ್ಲದೆ ಫಲಿತಾಂಶ ಕೆಡಬಹುದು.

ಮಾನದ ಅಕ್ಷರ: ಸ್ಪೈಸ್‌ನಲ್ಲಿ ದೊಡ್ಡಕ್ಷರ, ಸಣ್ಣಕ್ಷರಗಳ ಭೇದವಿಲ್ಲ. ಸಂಖ್ಯೆಯ ಮುಂದೆ ‘ಎಮ್’ ಎಂಬ ಒಂದೇ ಅಕ್ಷರ ಬರೆದರೆ ಅದು ಮಿಲಿ, ಅಂದರೆ ಸಾವಿರದಲ್ಲೊಂದು ಭಾಗ. ಹತ್ತು ಲಕ್ಷವನ್ನು ಸೂಚಿಸಲು ‘ಎಮ್‌ಇಜಿ’ ಎಂಬ ಮೂರು ಅಕ್ಷರಗಳು ಬೇಕು. ಇದನ್ನು ಮರೆತರೆ ತೆರೆದ ಸ್ವಿಚ್ಚಿನ ರೋಧ ಒಂದು ಮೆಗಾಓಮಿನ ಬದಲು ಒಂದು ಮಿಲಿಓಮ್ ಆಗಿ, ತೆರೆದ ಸ್ವಿಚ್ ತಂತಿಯಂತೆ ವರ್ತಿಸುತ್ತದೆ.

ಪರೀಕ್ಷಾ ಕ್ರಮ

ದೋಷ ಕಂಡೊಡನೆ ಸಿಮ್ಯುಲೇಟರಿನ ನಿಖರತೆಯ ಮಿತಿಗಳನ್ನು ಸಡಿಲಿಸುವುದು ಸುಲಭ. ಆದರೆ ಅದರಿಂದ ಸಂದೇಶ ಮರೆಯಾಗಿ ತಪ್ಪು ಉಳಿಯಬಹುದು. ಮೊದಲು ಸ್ವಿಚ್ಚನ್ನು ಮಾತ್ರ ಬೇರ್ಪಡಿಸಿ ಪರೀಕ್ಷಿಸುವುದು ಉತ್ತಮ. ಒಂದು ತುದಿಗೆ 5 ವೋಲ್ಟ್, ಇನ್ನೊಂದು ತುದಿಯಿಂದ ನೆಲಕ್ಕೆ 10,000 ಓಮ್ ಹೊರೆ ಇಟ್ಟರೆ, 125 ಓಮಿನ ಮುಚ್ಚಿದ ಸ್ವಿಚ್ ಹೊರೆಗೆ ಸುಮಾರು 4.94 ವೋಲ್ಟ್ ಕೊಡಬೇಕು. 10 ಕೋಟಿ ಓಮಿನ ತೆರೆದ ಸ್ವಿಚ್ ಸುಮಾರು ಅರ್ಧ ಮಿಲಿವೋಲ್ಟ್. ಕೈಲೆಕ್ಕಕ್ಕೂ ಪರದೆಯ ಉತ್ತರಕ್ಕೂ ತಾಳೆಯಾದ ಮೇಲೆ ಉಳಿದ ಭಾಗಗಳನ್ನು ಒಂದೊಂದಾಗಿ ಸೇರಿಸಬೇಕು. ಹಾಗೆ ಮಾಡಿದಾಗ ದೋಷ ಯಾವ ಹಂತದಲ್ಲಿ ಮರುಕಳಿಸುತ್ತದೆಯೋ, ಅದರ ಕಾರಣವನ್ನು ಮೊದಲು ಆ ಹಂತದಲ್ಲಿಯೇ ಹುಡುಕಬೇಕು.