ಸಂರಕ್ಷಣೆ ಮತ್ತು ಪರಿಸರ ಶಿಕ್ಷಣಕ್ಕೆ ಸಾರ್ವಜನಿಕ ಅನುದಾನ: ಅಳತೆಗೋಲಿನ ಪ್ರಶ್ನೆ

ಪರಿಸರ ಸಂರಕ್ಷಣೆಗೆ ಸರ್ಕಾರ ನೀಡುವ ಹಣದ ಬಗೆಗಿನ ಚರ್ಚೆ ಸಾಮಾನ್ಯವಾಗಿ ಮೊತ್ತದ ಸುತ್ತಲೇ ನಡೆಯುತ್ತದೆ. ಬಂದ ಹಣ ಸಾಲದು, ಬಂದದ್ದೂ ಪೂರ್ಣವಾಗಿ ವಿನಿಯೋಗವಾಗಲಿಲ್ಲ ಎಂಬ ಎರಡು ಮಾತುಗಳಲ್ಲಿ ಅದು ಮುಗಿದುಹೋಗುವುದೇ ಹೆಚ್ಚು. ಆದರೆ ಪ್ರತಿಯೊಂದು ಅನುದಾನವೂ ಹಣದ ಜೊತೆಗೆ ಒಂದು ಅಳತೆಗೋಲನ್ನೂ ತರುತ್ತದೆ. ಹಣವನ್ನು ಯಾವ ಘಟಕಕ್ಕೆ ಲೆಕ್ಕ ಹಾಕಿ ಕೊಡಲಾಗುತ್ತದೆ, ಯಾವ ತಿಂಗಳಿನಲ್ಲಿ ಬಿಡುಗಡೆ ಮಾಡಲಾಗುತ್ತದೆ, ಕೊನೆಗೆ ಯಾವ ದಾಖಲೆಯನ್ನು ಕೇಳಲಾಗುತ್ತದೆ ಎಂಬುದರ ಮೇಲೆ ನೆಲದ ಮೇಲಿನ ಕಾರ್ಯದ ಸ್ವರೂಪ ನಿರ್ಧಾರವಾಗುತ್ತದೆ. ಭಾರತದಲ್ಲಿ, ವಿಶೇಷವಾಗಿ ಕರ್ನಾಟಕದಲ್ಲಿ, ಬಳಕೆಗೆ ಬಂದ ಇಂತಹ ನಾಲ್ಕು ಅಳತೆಗೋಲುಗಳನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಶಾಲಾ ಸಂಘ, ಹೆಕ್ಟೇರು, ದಾಖಲೆ ಮತ್ತು ಬದುಕುಳಿದ ಸಸಿ ಇವೇ ಆ ನಾಲ್ಕು.

1. ಹಿನ್ನೆಲೆ

1972ರ ಸ್ಟಾಕ್‌ಹೋಮ್ ಸಮ್ಮೇಳನದ ತರುವಾಯ ಪರಿಸರವು ಭಾರತದ ಶಾಸನ ಹಾಗೂ ಆಡಳಿತದ ಪರಿಭಾಷೆಯಲ್ಲಿ ಸ್ಥಿರವಾದ ಸ್ಥಾನ ಪಡೆಯಿತು. 1976ರಲ್ಲಿ ಸಂವಿಧಾನಕ್ಕೆ ತಂದ 42ನೆಯ ತಿದ್ದುಪಡಿಯ ಮೂಲಕ 48ಎ ವಿಧಿಯು ಪರಿಸರ ರಕ್ಷಣೆಯನ್ನು ರಾಜ್ಯನೀತಿಯ ನಿರ್ದೇಶಕ ತತ್ತ್ವವನ್ನಾಗಿಯೂ 51ಎ (ಜಿ) ವಿಧಿಯು ಅದನ್ನು ನಾಗರಿಕರ ಮೂಲಭೂತ ಕರ್ತವ್ಯವನ್ನಾಗಿಯೂ ಸೇರಿಸಿದವು. ಕೇಂದ್ರದಲ್ಲಿ 1980ರಲ್ಲಿ ಪರಿಸರ ಇಲಾಖೆ, 1985ರಲ್ಲಿ ಪರಿಸರ ಮತ್ತು ಅರಣ್ಯ ಸಚಿವಾಲಯ ರೂಪುಗೊಂಡವು. 1983-84ರಲ್ಲಿ ಆರಂಭವಾದ ಪರಿಸರ ಶಿಕ್ಷಣ, ಜಾಗೃತಿ ಮತ್ತು ತರಬೇತಿ ಯೋಜನೆಯು ಈ ಕ್ಷೇತ್ರದಲ್ಲಿ ಅನುದಾನದ ಮೊದಲ ಕ್ರಮಬದ್ಧ ಮಾರ್ಗವಾಯಿತು. 1984ರಲ್ಲಿ ಅಹಮದಾಬಾದಿನಲ್ಲಿ ಪರಿಸರ ಶಿಕ್ಷಣ ಕೇಂದ್ರವು ಸರ್ಕಾರದ ನೆರವಿನಿಂದ ಸ್ಥಾಪನೆಯಾಯಿತು. 1986ರಲ್ಲಿ ರಾಷ್ಟ್ರೀಯ ಪರಿಸರ ಜಾಗೃತಿ ಅಭಿಯಾನ ಪ್ರಾರಂಭವಾಗಿ, ಸ್ವಯಂಸೇವಾ ಸಂಸ್ಥೆಗಳು, ಶಾಲಾ ಕಾಲೇಜುಗಳು, ಮಹಿಳಾ ಮತ್ತು ಯುವಕ ಮಂಡಲಗಳಿಗೆ ಸಣ್ಣ ಮೊತ್ತದ ನೆರವು ದೊರೆಯತೊಡಗಿತು.

ನ್ಯಾಯಾಂಗದ ಪಾತ್ರವೂ ಇಲ್ಲಿ ಮುಖ್ಯವಾದುದು. ಎಂ. ಸಿ. ಮೆಹ್ತಾ ಅವರು ಹೂಡಿದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 1991ರ ನವೆಂಬರ್ 22ರಂದು ನೀಡಿದ ತೀರ್ಪು ಪರಿಸರ ಶಿಕ್ಷಣವನ್ನು ಕಡ್ಡಾಯ ವಿಷಯವಾಗಿ ಬೋಧಿಸುವಂತೆ ನಿರ್ದೇಶಿಸಿತು. 2004ರ ಜುಲೈ 13ರಂದು ಅದೇ ನ್ಯಾಯಾಲಯವು ರಾಷ್ಟ್ರೀಯ ಶೈಕ್ಷಣಿಕ ಸಂಶೋಧನೆ ಮತ್ತು ತರಬೇತಿ ಮಂಡಳಿ ಸಿದ್ಧಪಡಿಸಿದ ಪಠ್ಯಕ್ರಮವನ್ನು ಶಾಲೆಗಳಲ್ಲಿ ಜಾರಿಗೊಳಿಸಲು ಆದೇಶಿಸಿತು. ಹೀಗೆ ಬೋಧನೆ ಕಡ್ಡಾಯವಾಯಿತು. ತರಗತಿಯ ಹೊರಗಿನ ಕಲಿಕೆ ಮಾತ್ರ ಅನುದಾನವನ್ನೇ ಅವಲಂಬಿಸಿ ಉಳಿಯಿತು.

2. ಶಾಲಾ ಸಂಘವೆಂಬ ಘಟಕ

2001-02ರಲ್ಲಿ ಜಾರಿಗೆ ಬಂದ ರಾಷ್ಟ್ರೀಯ ಹಸಿರು ಪಡೆ ಕಾರ್ಯಕ್ರಮವು ತರಗತಿಯ ಹೊರಗಿನ ಈ ಕಲಿಕೆಯನ್ನು ದೇಶವ್ಯಾಪಿಯಾಗಿಸುವ ಪ್ರಯತ್ನವಾಗಿತ್ತು. ಪ್ರತಿ ಜಿಲ್ಲೆಯಲ್ಲಿ ನಿಗದಿತ ಸಂಖ್ಯೆಯ ಶಾಲೆಗಳನ್ನು ಆರಿಸಿ, ಒಬ್ಬ ಉಸ್ತುವಾರಿ ಶಿಕ್ಷಕರ ಮಾರ್ಗದರ್ಶನದಲ್ಲಿ ಇಕೋ ಕ್ಲಬ್ ಸ್ಥಾಪಿಸುವುದು ಅದರ ವಿನ್ಯಾಸ. ಜಿಲ್ಲೆಗೆ ಮೊದಲು 100 ಶಾಲೆಗಳಿದ್ದದ್ದು ಅನಂತರ 250ಕ್ಕೆ ಏರಿತು. ದೇಶದಲ್ಲಿ ಒಟ್ಟು ಒಂದು ಲಕ್ಷಕ್ಕೂ ಹೆಚ್ಚು ಸಂಘಗಳು ಆದವು. ಒಂದು ಸಂಘಕ್ಕೆ ವರ್ಷಕ್ಕೆ ಆರಂಭದಲ್ಲಿ 1,000 ರೂಪಾಯಿ, ಮುಂದೆ 2,500 ರೂಪಾಯಿ, ಆಮೇಲೆ 5,000 ರೂಪಾಯಿ ನಿಗದಿಯಾಯಿತು. 2022-23ರಿಂದ ಇದರ ಸ್ಥಾನದಲ್ಲಿ ಪರಿಸರ ಶಿಕ್ಷಣ ಕಾರ್ಯಕ್ರಮ ಎಂಬ ಹೊಸ ಯೋಜನೆ ಬಂದಿದೆ.

ಈ ಕ್ರಮದ ಗುಣ ಅದರ ಸಮಾನತೆಯಲ್ಲಿದೆ. ಶಿಫಾರಸು, ಪ್ರಭಾವ ಅಥವಾ ಯೋಜನಾ ವರದಿ ಬರೆಯುವ ಜಾಣ್ಮೆ ಇಲ್ಲದ ಹಳ್ಳಿಯ ಶಾಲೆಯೂ ನಗರದ ಶಾಲೆಯಷ್ಟೇ ಹಣ ಪಡೆಯಿತು. ಅದರ ಮಿತಿಯೂ ಅಲ್ಲಿಯೇ ಇದೆ. ಕರಾವಳಿಯ ಶಾಲೆಯೊಂದಕ್ಕೆ ಕಾಂಡ್ಲಾ ಕಾಡನ್ನು ನೋಡಲು ಮಕ್ಕಳನ್ನು ನಡೆಸಿಕೊಂಡು ಹೋದರೆ ಸಾಕು. ರಾಯಚೂರಿನ ಬಯಲಿನ ಶಾಲೆ ಮಕ್ಕಳಿಗೆ ಕಾಡು ತೋರಿಸಬೇಕಾದರೆ ಬಸ್ಸಿನ ಬಾಡಿಗೆಗೇ ಇಡೀ ವರ್ಷದ ಅನುದಾನ ಸಾಲದು. ಸಮಾನ ಮೊತ್ತವು ಸಮಾನ ಅವಕಾಶವಾಗಲಿಲ್ಲ. ಕರ್ನಾಟಕ ಅರಣ್ಯ ಇಲಾಖೆಯ ಚಿಣ್ಣರ ವನದರ್ಶನ ಕಾರ್ಯಕ್ರಮವು ಮಕ್ಕಳನ್ನು ಅರಣ್ಯಕ್ಕೆ ಕರೆದೊಯ್ಯುವ ವೆಚ್ಚವನ್ನೇ ನೇರವಾಗಿ ಭರಿಸುತ್ತದೆ ಎಂಬುದು ಈ ದೃಷ್ಟಿಯಿಂದ ಗಮನಾರ್ಹ.

ಮೊತ್ತಕ್ಕಿಂತಲೂ ಗಂಭೀರವಾದುದು ಕಾಲದ ಪ್ರಶ್ನೆ. ಸರ್ಕಾರದ ಹಣಕಾಸು ವರ್ಷ ಏಪ್ರಿಲ್‌ನಲ್ಲಿ ಆರಂಭವಾಗಿ ಮಾರ್ಚ್‌ನಲ್ಲಿ ಮುಗಿಯುತ್ತದೆ. ಕರ್ನಾಟಕದ ಶಾಲೆಗಳು ತೆರೆಯುವುದು ಮುಂಗಾರಿನ ಹೊಸ್ತಿಲಲ್ಲಿ. ಸಸಿ ನೆಡುವುದು, ಮಳೆ ಅಳೆಯುವುದು, ಕೆರೆಯ ಮಟ್ಟ ಗುರುತಿಸುವುದು, ಮಣ್ಣಿನ ಜೀವಿಗಳನ್ನು ನೋಡುವುದು ಇವೆಲ್ಲಕ್ಕೂ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಅವಧಿಯೇ ಪ್ರಶಸ್ತ. ಹಣವು ಕೇಂದ್ರದಿಂದ ರಾಜ್ಯದ ನೋಡಲ್ ಸಂಸ್ಥೆಗೆ, ಅಲ್ಲಿಂದ ಜಿಲ್ಲೆಗೆ, ಜಿಲ್ಲೆಯಿಂದ ಶಾಲೆಗೆ ಇಳಿಯುವಷ್ಟರಲ್ಲಿ ಜನವರಿ ಬಂದರೆ, ಆಗ ನೆಲ ಒಣಗಿರುತ್ತದೆ, ಮಕ್ಕಳು ಪರೀಕ್ಷೆಗೆ ಸಿದ್ಧರಾಗುತ್ತಿರುತ್ತಾರೆ. ಮಾರ್ಚ್ 31ರೊಳಗೆ ಮುಗಿಸಬಹುದಾದ ಕೆಲಸಗಳೆಂದರೆ ಜಾಥಾ, ಭಿತ್ತಿಪತ್ರ, ಪ್ರಬಂಧ ಸ್ಪರ್ಧೆ ಮತ್ತು ಬಹುಮಾನ ವಿತರಣೆ. ಶಾಲೆಗಳ ಪರಿಸರ ಶಿಕ್ಷಣವು ಘೋಷಣೆಯ ರೂಪ ತಾಳಿದ್ದಕ್ಕೆ ಶಿಕ್ಷಕರ ನಿರಾಸಕ್ತಿಯನ್ನು ಮಾತ್ರ ಕಾರಣವೆನ್ನುವುದು ಸರಿಯಲ್ಲ. ಹಣ ಬರುವ ತಿಂಗಳೂ ಆ ರೂಪವನ್ನು ಆಯ್ದುಕೊಡುತ್ತದೆ.

2017ರ ಸಾಮಾನ್ಯ ಹಣಕಾಸು ನಿಯಮಗಳ ಪ್ರಕಾರ ಅನುದಾನ ಪಡೆದವರು ಹಣಕಾಸು ವರ್ಷ ಮುಗಿದ 12 ತಿಂಗಳೊಳಗೆ ಹಣಬಳಕೆಯ ಪ್ರಮಾಣಪತ್ರವನ್ನು ಸಲ್ಲಿಸಬೇಕು. ಸಾರ್ವಜನಿಕ ಹಣದ ಮಟ್ಟಿಗೆ ಇದು ಅಗತ್ಯವಾದ ಶಿಸ್ತು. ಆದರೆ ಹಣ ನಿಗದಿತ ಉದ್ದೇಶಕ್ಕೆ ಖರ್ಚಾಯಿತು ಎಂಬುದನ್ನು ಆ ಪತ್ರ ಹೇಳಬಲ್ಲುದೇ ಹೊರತು, ಮಗು ತನ್ನ ಊರಿನ ಹತ್ತು ಮರಗಳನ್ನು ಗುರುತಿಸಲು ಕಲಿಯಿತೇ ಎಂಬುದನ್ನು ಹೇಳಲಾರದು.

3. ಹೆಕ್ಟೇರು ಎಂಬ ಘಟಕ

ಶಿಕ್ಷಣದ ಅನುದಾನ ಸಾವಿರಗಳಲ್ಲಿದ್ದರೆ ಅರಣ್ಯ ಸಂರಕ್ಷಣೆಯ ನಿಧಿ ಸಾವಿರಾರು ಕೋಟಿಗಳಲ್ಲಿದೆ. ಅದರ ಮೂಲ 1980ರ ಅರಣ್ಯ (ಸಂರಕ್ಷಣಾ) ಕಾಯಿದೆ. ಗಣಿ, ಅಣೆಕಟ್ಟು, ರಸ್ತೆ, ವಿದ್ಯುತ್ ಮಾರ್ಗಗಳಿಗೆ ಅರಣ್ಯಭೂಮಿಯನ್ನು ಬಿಟ್ಟುಕೊಡುವಾಗ ಬಳಕೆದಾರ ಸಂಸ್ಥೆಯು ಪರಿಹಾರಾತ್ಮಕ ಅರಣ್ಯೀಕರಣದ ವೆಚ್ಚವನ್ನು ತೆರಬೇಕು. ಗೋದಾವರ್ಮನ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 2002ರ ಅಕ್ಟೋಬರ್‌ನಲ್ಲಿ ಇದಕ್ಕಾಗಿ ಪ್ರತ್ಯೇಕ ನಿಧಿಯನ್ನು ರಚಿಸುವಂತೆಯೂ, ಅರಣ್ಯದ ನಿವ್ವಳ ಪ್ರಸ್ತುತ ಮೌಲ್ಯವನ್ನು ವಸೂಲು ಮಾಡುವಂತೆಯೂ ಆದೇಶಿಸಿತು. ಕಾಂಚನ್ ಚೋಪ್ರಾ ಸಮಿತಿಯ ಅಧ್ಯಯನದ ತರುವಾಯ 2008ರಲ್ಲಿ ಈ ಮೌಲ್ಯವನ್ನು ಅರಣ್ಯದ ವರ್ಗ ಮತ್ತು ಸಾಂದ್ರತೆಗೆ ಅನುಗುಣವಾಗಿ ಹೆಕ್ಟೇರಿಗೆ 4.38 ಲಕ್ಷದಿಂದ 10.43 ಲಕ್ಷ ರೂಪಾಯಿಗಳವರೆಗೆ ನಿಗದಿಪಡಿಸಲಾಯಿತು. 2006ರಿಂದ ತಾತ್ಕಾಲಿಕ ಪ್ರಾಧಿಕಾರವೊಂದರ ವಶದಲ್ಲಿದ್ದ ಈ ಹಣಕ್ಕೆ 2016ರ ಪರಿಹಾರಾತ್ಮಕ ಅರಣ್ಯೀಕರಣ ನಿಧಿ ಕಾಯಿದೆಯು ಶಾಸನಬದ್ಧ ಚೌಕಟ್ಟು ಒದಗಿಸಿತು. ಅದರಂತೆ ಶೇ. 90ರಷ್ಟು ರಾಜ್ಯ ನಿಧಿಗೂ ಶೇ. 10ರಷ್ಟು ರಾಷ್ಟ್ರೀಯ ನಿಧಿಗೂ ಸೇರುತ್ತದೆ.

2019ರ ಆಗಸ್ಟ್‌ನಲ್ಲಿ ಕೇಂದ್ರವು ಸುಮಾರು 47,436 ಕೋಟಿ ರೂಪಾಯಿಗಳನ್ನು ರಾಜ್ಯಗಳಿಗೆ ವರ್ಗಾಯಿಸಿತು. ಒಡಿಶಾಕ್ಕೆ ಸುಮಾರು 5,934 ಕೋಟಿ, ಕರ್ನಾಟಕಕ್ಕೆ ಸುಮಾರು 1,350 ಕೋಟಿ ಸಂದವು. ಈ ಅಂತರಕ್ಕೆ ಸಂರಕ್ಷಣೆಯ ಅಗತ್ಯವಾಗಲಿ ಜೀವವೈವಿಧ್ಯದ ಸಮೃದ್ಧಿಯಾಗಲಿ ಆಧಾರವಲ್ಲ. ಯಾವ ರಾಜ್ಯದ ಅರಣ್ಯಭೂಮಿ ಎಷ್ಟು ಕೈಬಿಟ್ಟುಹೋಯಿತೋ ಅದಕ್ಕೆ ತಕ್ಕಂತೆ ನಿಧಿ ಬೆಳೆಯುತ್ತದೆ. ಕಾಡನ್ನು ಕಾಪಾಡಿಕೊಂಡ ರಾಜ್ಯಕ್ಕೆ ಈ ಮಾರ್ಗದಲ್ಲಿ ದೊರೆಯುವುದು ಕಡಿಮೆ. ಇದು ಆಡಳಿತದ ಲೋಪಕ್ಕಿಂತ ಮಿಗಿಲಾಗಿ ನಿಧಿಯ ರಚನೆಯಲ್ಲೇ ಅಡಗಿರುವ ವಿರೋಧಾಭಾಸ.

ಅಳತೆಯ ಘಟಕವಾಗಿ ಹೆಕ್ಟೇರು ಎಷ್ಟು ದುರ್ಬಲವೆಂಬುದನ್ನು ಭಾರತದ ನಿಯಂತ್ರಕರು ಮತ್ತು ಮಹಾಲೇಖಪಾಲರ 2013ರ ವರದಿ ತೋರಿಸಿಕೊಟ್ಟಿತು. 2006ರಿಂದ 2012ರ ಅವಧಿಯಲ್ಲಿ ಪರಿಹಾರವಾಗಿ ದೊರೆಯಬೇಕಾಗಿದ್ದ ಅರಣ್ಯೇತರ ಭೂಮಿ 1,03,382 ಹೆಕ್ಟೇರು. ದೊರೆತದ್ದು 28,086 ಹೆಕ್ಟೇರು, ಅಂದರೆ ಶೇ. 27, ಆ ಭೂಮಿಯಲ್ಲಿ ಅರಣ್ಯೀಕರಣ ನಡೆದದ್ದು ಸುಮಾರು 7,281 ಹೆಕ್ಟೇರಿನಲ್ಲಿ ಮಾತ್ರ. ನೆಟ್ಟ ಕಡೆಯಲ್ಲಿಯೂ ಪ್ರಶ್ನೆ ಮುಗಿಯುವುದಿಲ್ಲ. ಪಶ್ಚಿಮಘಟ್ಟದ ನಿತ್ಯಹರಿದ್ವರ್ಣ ಕಾಡಿನ ಒಂದು ಹೆಕ್ಟೇರಿಗೆ ಬಯಲುಸೀಮೆಯ ನೆಡುತೋಪಿನ ಒಂದು ಹೆಕ್ಟೇರು ಲೆಕ್ಕದಲ್ಲಿ ಸಮನಾಗಬಹುದು, ಹಳ್ಳ ತೊರೆಗಳ ಲೆಕ್ಕದಲ್ಲಿ ಆಗದು. ಮರ ನೆಡುವುದೇ ಹಾನಿಯಾಗುವ ನೆಲೆಗಳೂ ಇವೆ. ಕೃಷ್ಣಮೃಗಕ್ಕಾಗಿ 1974ರಲ್ಲಿ ಘೋಷಿತವಾದ ರಾಣೆಬೆನ್ನೂರು ಅಭಯಾರಣ್ಯದಲ್ಲಿ ಹಿಂದಿನ ಅರಣ್ಯೀಕರಣದ ಫಲವಾಗಿ ನೀಲಗಿರಿ ತೋಪುಗಳಿವೆ. ತೆರೆದ ಹುಲ್ಲುಗಾವಲನ್ನು ಬಯಸುವ ಪ್ರಾಣಿಯ ನೆಲೆಯನ್ನು ಮರಗಳ ಸಂಖ್ಯೆಯಿಂದ ಅಳೆಯಲಾಗದು ಎಂಬುದಕ್ಕೆ ಅದು ನಿದರ್ಶನ.

4. ದಾಖಲೆ ಎಂಬ ಘಟಕ

ಸಂರಕ್ಷಣೆ ಮತ್ತು ಶಿಕ್ಷಣ ಎರಡೂ ಒಂದೇ ಕೆಲಸದಲ್ಲಿ ಕೂಡಿಬಂದ ಪ್ರಯೋಗವೆಂದರೆ ಜನತಾ ಜೀವವೈವಿಧ್ಯ ದಾಖಲಾತಿ. 1990ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಾಧವ ಗಾಡ್ಗೀಳ್ ಮತ್ತು ಅವರ ಸಹೋದ್ಯೋಗಿಗಳು, ಜೊತೆಗೆ ಸ್ಥಳೀಯ ಆರೋಗ್ಯ ಪರಂಪರೆಗಳ ಪುನರುಜ್ಜೀವನ ಪ್ರತಿಷ್ಠಾನದವರು ಈ ಕಲ್ಪನೆಯನ್ನು ರೂಪಿಸಿದರು. ಊರಿನ ಸಸ್ಯ, ಪ್ರಾಣಿ, ತಳಿ, ನೀರಿನ ನೆಲೆಗಳನ್ನೂ ಅವುಗಳ ಬಗ್ಗೆ ನಾಟಿವೈದ್ಯರು, ಮೀನುಗಾರರು, ಕುರಿಗಾಹಿಗಳು, ರೈತ ಮಹಿಳೆಯರು ಬಲ್ಲ ಸಂಗತಿಗಳನ್ನೂ ಊರಿನವರೇ ಬರೆದಿಡುವುದು ಅದರ ತಿರುಳು. ವಿದ್ಯಾರ್ಥಿಗಳಿಗೆ ಅದು ಕಲಿಕೆ, ಊರಿಗೆ ಅದು ಆಸ್ತಿ.

2002ರ ಜೀವವೈವಿಧ್ಯ ಕಾಯಿದೆಯು ಪ್ರತಿ ಸ್ಥಳೀಯ ಸಂಸ್ಥೆಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿಯನ್ನೂ, ಅದಕ್ಕೆ ಅನುದಾನ ಸಲ್ಲುವ ಸ್ಥಳೀಯ ಜೀವವೈವಿಧ್ಯ ನಿಧಿಯನ್ನೂ ಕಲ್ಪಿಸಿತು. 2003ರಲ್ಲಿ ಕರ್ನಾಟಕ ಜೀವವೈವಿಧ್ಯ ಮಂಡಳಿ ಸ್ಥಾಪನೆಯಾಯಿತು. ಆದರೆ ದೇಶದಲ್ಲಿ ಕಾರ್ಯ ನಿಧಾನವಾಗಿ ಸಾಗಿ, 2016ರ ವೇಳೆಗೆ ಸಿದ್ಧವಾಗಿದ್ದ ದಾಖಲಾತಿಗಳು ಸುಮಾರು 1,400 ಮಾತ್ರ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2019ರ ಆಗಸ್ಟ್ 9ರಂದು, 2020ರ ಜನವರಿ 31ರೊಳಗೆ ಎಲ್ಲವನ್ನೂ ಪೂರ್ಣಗೊಳಿಸಬೇಕೆಂದೂ ತಪ್ಪಿದ ರಾಜ್ಯಗಳು ತಿಂಗಳಿಗೆ 10 ಲಕ್ಷ ರೂಪಾಯಿ ತೆರಬೇಕೆಂದೂ ಆದೇಶಿಸಿತು. ಅನಂತರದ ಕೆಲವೇ ವರ್ಷಗಳಲ್ಲಿ ದಾಖಲಾತಿಗಳ ಸಂಖ್ಯೆ ಎರಡೂವರೆ ಲಕ್ಷವನ್ನು ದಾಟಿತು.

ನ್ಯಾಯಮಂಡಳಿಯ ಒತ್ತಡವಿಲ್ಲದಿದ್ದರೆ ಈ ಕೆಲಸ ಇನ್ನೂ ಕಾಲ ತಳ್ಳುತ್ತಿತ್ತು ಎಂಬುದನ್ನು ಅಲ್ಲಗಳೆಯಲಾಗದು. ಆದರೆ ಒಂದು ಊರಿನ ಋತುಚಕ್ರವನ್ನು ನೋಡಲೇ ಒಂದು ವರ್ಷ ಬೇಕು. ಆರು ತಿಂಗಳೂ ಇಲ್ಲದ ಗಡುವಿನಲ್ಲಿ ಬರೆದದ್ದು ಮಳೆಗಾಲದ ಸೊಪ್ಪನ್ನೋ ಬೇಸಗೆಯ ಹಣ್ಣನ್ನೋ ಬಿಟ್ಟಿರಲೇಬೇಕು. ದಾಖಲೆಯೇ ಘಟಕವಾದಾಗ ಅದು ಮುಗಿಯಬೇಕಾದ ವಸ್ತುವಾಗುತ್ತದೆ. ಮೂಲ ಕಲ್ಪನೆಯಲ್ಲಾದರೋ ಅದು ಪ್ರತಿವರ್ಷ ತಿದ್ದಿ ಬೆಳೆಸಬೇಕಾದ ಪುಸ್ತಕ.

5. ಬದುಕುಳಿದ ಸಸಿ ಎಂಬ ಘಟಕ

ಕರ್ನಾಟಕದಲ್ಲಿ 2011-12ರಲ್ಲಿ ಆರಂಭವಾದ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯು ಭಿನ್ನವಾದ ಲೆಕ್ಕಾಚಾರವನ್ನು ಅನುಸರಿಸಿತು. ರೈತರು ಅರಣ್ಯ ಇಲಾಖೆಯ ಸಸ್ಯಕ್ಷೇತ್ರದಿಂದ ರಿಯಾಯಿತಿ ದರದಲ್ಲಿ ಸಸಿ ಪಡೆದು ತಮ್ಮ ಜಮೀನಿನಲ್ಲಿ ನೆಡುತ್ತಾರೆ. ಪ್ರೋತ್ಸಾಹಧನ ಸಲ್ಲುವುದು ನೆಟ್ಟದ್ದಕ್ಕಲ್ಲ, ಉಳಿದದ್ದಕ್ಕೆ. ಆರಂಭದಲ್ಲಿ ಬದುಕುಳಿದ ಪ್ರತಿ ಸಸಿಗೆ ಮೊದಲನೆಯ ವರ್ಷದ ಕೊನೆಗೆ 10, ಎರಡನೆಯ ವರ್ಷಕ್ಕೆ 15, ಮೂರನೆಯ ವರ್ಷಕ್ಕೆ 20, ಒಟ್ಟು 45 ರೂಪಾಯಿ ನಿಗದಿಯಾಗಿತ್ತು. ಈ ಮೊತ್ತ ಮೊದಲು 100ಕ್ಕೂ ತರುವಾಯ 35, 40, 50ರಂತೆ ಒಟ್ಟು 125 ರೂಪಾಯಿಗೂ ಏರಿತು. ಎಲ್ಲ ಹಂತಗಳಲ್ಲಿಯೂ ಕೊನೆಯ ಕಂತೇ ದೊಡ್ಡದು. ದನಕರುಗಳಿಂದ, ಬೇಸಗೆಯಿಂದ ಗಿಡವನ್ನು ಕಾಯುವ ದುಡಿಮೆಗೆ ಬೆಲೆ ಕಟ್ಟಿದ ಅನುದಾನವಿದು. ಪರಿಶೀಲನೆ ಗಿಡದ ಬುಡದಲ್ಲೇ ನಡೆಯಬೇಕಾದುದರಿಂದ ವೋಚರು ಮಾತ್ರ ಸಾಕಾಗುವುದಿಲ್ಲ.

ಇದಕ್ಕೂ ಮಿತಿಯುಂಟು. ಜಮೀನಿಲ್ಲದವರಿಗೆ ಇದರಲ್ಲಿ ಸ್ಥಾನವಿಲ್ಲ. ರೈತರು ಆರಿಸುವುದು ಮಾರುಕಟ್ಟೆಯಿರುವ ಮರವನ್ನು. ಅದರಿಂದ ಹಸಿರು ಹೆಚ್ಚೀತು, ಕಾಡು ಹೆಚ್ಚಿತೆನ್ನಲಾಗದು. ಆದರೂ ಫಲಕ್ಕೆ ಹಣವನ್ನು ಜೋಡಿಸುವುದು ಸರ್ಕಾರಿ ಲೆಕ್ಕಪದ್ಧತಿಯೊಳಗೇ ಸಾಧ್ಯವೆಂಬುದನ್ನು ಈ ಯೋಜನೆ ತೋರಿಸಿದೆ.

6. ಫಲಿತಗಳು

ಮೇಲಿನ ವಿವೇಚನೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ಶಾಲಾ ಸಂಘಗಳ ಅನುದಾನವನ್ನು ವಾರ್ಷಿಕ ಕಂತಿನ ಬದಲು ಮೂರು ವರ್ಷಗಳ ಅವಧಿಗೆ ಮಂಜೂರು ಮಾಡಿ, ಮೇ ತಿಂಗಳೊಳಗೆ ಬಿಡುಗಡೆ ಮಾಡಿದರೆ ಮೊತ್ತ ಹೆಚ್ಚಿಸದೆಯೂ ಅದರ ಉಪಯುಕ್ತತೆ ಹೆಚ್ಚುತ್ತದೆ. ಪ್ರಯಾಣದ ವೆಚ್ಚವನ್ನು ದೂರಕ್ಕೆ ಅನುಗುಣವಾಗಿ ಪ್ರತ್ಯೇಕವಾಗಿ ಭರಿಸುವುದು ನ್ಯಾಯ. ಪರಿಹಾರಾತ್ಮಕ ಅರಣ್ಯೀಕರಣದಲ್ಲಿ ನೆಟ್ಟ ವರ್ಷದ ಅಂಕಿಗಿಂತ ಮೂರನೆಯ ಮಳೆಗಾಲದ ಅನಂತರದ ಉಳಿವನ್ನು, ಸ್ಥಳೀಯ ಪ್ರಭೇದಗಳ ಪ್ರಮಾಣವನ್ನು ಲೆಕ್ಕಕ್ಕೆ ತರಬೇಕಾಗುತ್ತದೆ. ಜೀವವೈವಿಧ್ಯ ದಾಖಲಾತಿಗೆ ಒಮ್ಮೆ ಕೊಡುವ ಹಣಕ್ಕಿಂತ ಪ್ರತಿವರ್ಷದ ಪರಿಷ್ಕರಣೆಗೆ ಕೊಡುವ ಸಣ್ಣ ಮೊತ್ತ ಹೆಚ್ಚು ಫಲಕಾರಿ. ಆ ಪರಿಷ್ಕರಣೆಯನ್ನು ಅದೇ ಊರಿನ ಶಾಲೆಯ ಇಕೋ ಕ್ಲಬ್ಬಿಗೆ ವಹಿಸಿದರೆ, ಇಂದು ಬೇರೆ ಬೇರೆ ಇಲಾಖೆಗಳ ಕಡತಗಳಲ್ಲಿರುವ ಶಿಕ್ಷಣದ ಅನುದಾನವೂ ಸಂರಕ್ಷಣೆಯ ಅನುದಾನವೂ ಒಂದೇ ಪುಸ್ತಕದಲ್ಲಿ ಕೂಡುತ್ತವೆ. ಇದಕ್ಕೆ ಹೊಸ ಶಾಸನವೇನೂ ಬೇಕಿಲ್ಲ. ಸ್ಥಳೀಯ ಜೀವವೈವಿಧ್ಯ ನಿಧಿಯ ಅವಕಾಶ 2002ರ ಕಾಯಿದೆಯಲ್ಲಿಯೇ ಇದೆ.