ತಾಮ್ರದ ಚೊಂಬಿನ ನೀರು ಅಮೃತವೋ ವಿಷವೋ? ಫಾರ್ವರ್ಡ್ ಮೆಸೇಜು ಹೇಳದೆ ಬಿಟ್ಟಿದ್ದು

ರಾತ್ರಿ ತಾಮ್ರದ ಚೊಂಬಿನಲ್ಲಿ ನೀರಿಟ್ಟು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಕುಡಿದರೆ ಥೈರಾಯ್ಡ್, ಬಿಪಿ, ಬೊಜ್ಜು, ಕ್ಯಾನ್ಸರ್ ಯಾವುದೂ ಹತ್ತಿರ ಸುಳಿಯುವುದಿಲ್ಲ. ಈ ಅರ್ಥದ ಮೆಸೇಜು ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ಇದಕ್ಕೆ ತದ್ವಿರುದ್ಧವಾದ ಮೆಸೇಜೂ ಓಡಾಡುತ್ತದೆ: ತಾಮ್ರ ವಿಷ, ಲಿವರ್ ಹಾಳಾಗುತ್ತದೆ, ಚೊಂಬನ್ನು ಗುಜರಿಗೆ ಹಾಕಿ! ಕೆಲವು ಗ್ರೂಪುಗಳಲ್ಲಿ ಎರಡನ್ನೂ ಒಬ್ಬರೇ ಕಳಿಸಿರುತ್ತಾರೆ.

ನಿಜವೇನು ಅಂತ ನೋಡೋಣ.

ಮೊದಲು ಚೊಂಬಿನ ಪರವಾಗಿರುವ ಮಾತು. ಬೆಂಗಳೂರಿನ ಸಂಶೋಧಕರು 2012ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಕಾಲರಾ, ಟೈಫಾಯ್ಡ್, ಆಮಶಂಕೆ ತರುವ ಬ್ಯಾಕ್ಟೀರಿಯಾಗಳನ್ನು ಬೇಕೆಂದೇ ನೀರಿಗೆ ಸೇರಿಸಿ, ಆ ನೀರನ್ನು ತಾಮ್ರದ ಪಾತ್ರೆಯಲ್ಲಿ 16 ಗಂಟೆ ಇಟ್ಟರು. ಆಮೇಲೆ ಪರೀಕ್ಷಿಸಿದಾಗ ಒಂದು ಬ್ಯಾಕ್ಟೀರಿಯಾವೂ ಸಿಗಲಿಲ್ಲ. ಪಾತ್ರೆಯಿಂದ ಅಲ್ಪಸ್ವಲ್ಪ ತಾಮ್ರ ನೀರಿಗೆ ಬಿಡುತ್ತದೆ, ಅದೇ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ. ಹಾಗೆ ನೀರಿಗೆ ಇಳಿದ ತಾಮ್ರ ಎಷ್ಟು? ಲೀಟರಿಗೆ ಸುಮಾರು 0.18 ಮಿಲಿಗ್ರಾಂ.

ಇದು ಹೆಚ್ಚೋ ಕಡಿಮೆಯೋ? ವಿಶ್ವ ಆರೋಗ್ಯ ಸಂಸ್ಥೆ ಕುಡಿಯುವ ನೀರಿಗೆ ಹಾಕಿರುವ ಮಿತಿ ಲೀಟರಿಗೆ 2 ಮಿಲಿಗ್ರಾಂ. ನಮ್ಮ ದೇಶದ ಬಿಐಎಸ್ ಮಾನದಂಡದಲ್ಲಿ ಎರಡು ಅಂಕಿಗಳಿವೆ: 0.05 ಇದ್ದರೆ ಒಳ್ಳೆಯದು, ಬೇರೆ ನೀರಿನ ಮೂಲ ಇಲ್ಲದಿದ್ದರೆ 1.5ರವರೆಗೆ ಅಡ್ಡಿಯಿಲ್ಲ. ಅಂದರೆ ಚೊಂಬಿನ ನೀರು ಮೊದಲ ಅಂಕಿಯನ್ನು ದಾಟುತ್ತದೆ, ಆದರೆ ಅಪಾಯದ ಗೆರೆಯಿಂದ ಬಹಳ ದೂರದಲ್ಲೇ ಇದೆ. ಆರೋಗ್ಯವಂತ ದೊಡ್ಡವರು ದಿನಕ್ಕೆ ಎರಡು ಲೋಟ ಕುಡಿದರೆ ಹೆದರಬೇಕಾಗಿಲ್ಲ. ಥೈರಾಯ್ಡ್, ಕ್ಯಾನ್ಸರ್ ವಾಸಿಯಾಗುತ್ತದೆ ಅನ್ನುವುದಕ್ಕೆ ಮಾತ್ರ ಆಧಾರ ಇಲ್ಲ. ಮೈಗೆ ಬೇಕಾದ ತಾಮ್ರ ಎಳ್ಳು, ಗೋಡಂಬಿ, ಬೇಳೆಕಾಳುಗಳಿಂದಲೇ ಸಿಗುತ್ತದೆ. ಇನ್ನೊಂದು ಮಾತು: ಚೊಂಬು ನೀರಿನಲ್ಲಿರುವ ಫ್ಲೋರೈಡನ್ನು ತೆಗೆಯುವುದಿಲ್ಲ. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕಡೆಯವರು ಬೋರ್‌ವೆಲ್ ನೀರನ್ನು ಅದರಲ್ಲಿ ಇಟ್ಟು ಶುದ್ಧವಾಯಿತು ಅಂದುಕೊಳ್ಳಬಾರದು.

ಹಾಗಾದರೆ ತೊಂದರೆ ಎಲ್ಲಿ?

ತೊಂದರೆ ಶುರುವಾಗುವುದು ಹುಳಿಯಿಂದ. ಕಪ್ಪಾದ ಚೊಂಬನ್ನು ಹುಣಸೆಹಣ್ಣು ಹಾಕಿ ತಿಕ್ಕಿದರೆ ಫಳಫಳ ಹೊಳೆಯುತ್ತದಲ್ಲ, ಯಾಕೆ? ಹುಳಿ ಮೇಲಿನ ಪದರವನ್ನು ಕರಗಿಸಿಕೊಂಡು ಹೋಗುತ್ತದೆ. ಚೊಂಬಿಗೆ ನಿಂಬೆ ಹಿಂಡಿದ ನೀರು, ಮಜ್ಜಿಗೆ ಅಥವಾ ಹಣ್ಣಿನ ರಸ ಹಾಕಿಟ್ಟಾಗಲೂ ಆಗುವುದು ಅದೇ. ವ್ಯತ್ಯಾಸ ಇಷ್ಟೇ, ಕರಗಿದ ತಾಮ್ರ ಬಚ್ಚಲಿಗೆ ಹೋಗುವ ಬದಲು ಹೊಟ್ಟೆಗೆ ಹೋಗುತ್ತದೆ. ಬಾಯಲ್ಲಿ ಲೋಹದ ರುಚಿ, ಹೊಟ್ಟೆ ತೊಳೆಸುವುದು, ವಾಂತಿ, ಹೊಟ್ಟೆನೋವು, ಭೇದಿ ಇದರ ಲಕ್ಷಣಗಳು. ತೂಕ ಇಳಿಸಲು ಬಿಸಿನೀರಿಗೆ ನಿಂಬೆ ಹಿಂಡಿ, ತಾಮ್ರದ ಬಾಟಲಿಗೆ ತುಂಬಿಕೊಂಡು ಆಫೀಸಿಗೆ ಹೋಗುವವರು ದಯವಿಟ್ಟು ಗಮನಿಸಿ. ಒಂದು ಫಾರ್ವರ್ಡ್ ತಾಮ್ರ ಒಳ್ಳೆಯದು ಅನ್ನುತ್ತದೆ, ಇನ್ನೊಂದು ನಿಂಬೆ ಒಳ್ಳೆಯದು ಅನ್ನುತ್ತದೆ, ನಾವು ಎರಡನ್ನೂ ಸೇರಿಸಿಬಿಡುತ್ತೇವೆ!

ಆರ್‌ಒ ನೀರಿನ ಬಗ್ಗೆಯೂ ಸ್ವಲ್ಪ ಎಚ್ಚರ ಬೇಕು. ಅದರಲ್ಲಿ ಲವಣಗಳು ಕಡಿಮೆ, ಸಾಮಾನ್ಯವಾಗಿ ತುಸು ಆಮ್ಲೀಯವೂ ಹೌದು. ಇಂಥ ನೀರು ಲೋಹವನ್ನು ಸುಲಭವಾಗಿ ಕರಗಿಸುತ್ತದೆ. ಅದನ್ನು ತಾಮ್ರದಲ್ಲಿ ಎರಡು ಮೂರು ದಿನ ಇಡುವುದು ಬೇಡ.

ಮಕ್ಕಳ ವಿಷಯ ಬೇರೆಯೇ

ಇದನ್ನು ಮನೆಯಲ್ಲಿ ಪುಟ್ಟ ಮಗು ಇರುವವರು ತಪ್ಪದೆ ಓದಬೇಕು. ನಮ್ಮ ದೇಶದಲ್ಲಿ ಹಿಂದೆ ಎಳೆಯ ಮಕ್ಕಳಿಗೆ ಒಂದು ಲಿವರ್ ಕಾಯಿಲೆ ಬರುತ್ತಿತ್ತು. ಹೊಟ್ಟೆ ಊದಿಕೊಳ್ಳುತ್ತಿತ್ತು, ಲಿವರ್ ಗಟ್ಟಿಯಾಗುತ್ತಿತ್ತು, ಬಹಳಷ್ಟು ಮಕ್ಕಳು ಉಳಿಯುತ್ತಿರಲಿಲ್ಲ. ಭಾರತದಲ್ಲೇ ಹೆಚ್ಚಾಗಿ ಕಂಡಿದ್ದರಿಂದ ವೈದ್ಯರು ಅದರ ಹೆಸರಿನಲ್ಲೇ ನಮ್ಮ ದೇಶದ ಹೆಸರನ್ನು ಸೇರಿಸಿದ್ದರು. ಆ ಮಕ್ಕಳ ಲಿವರ್‌ನಲ್ಲಿ ವಿಪರೀತ ತಾಮ್ರ ತುಂಬಿರುತ್ತಿತ್ತು. ಅದು ಎಲ್ಲಿಂದ ಬಂತು ಎಂದು 1980ರ ದಶಕದಲ್ಲಿ ಪುಣೆಯ ವೈದ್ಯರು ಹುಡುಕುತ್ತಾ ಹೋದಾಗ ಸಿಕ್ಕಿದ್ದು ಅಡುಗೆಮನೆಯ ಪಾತ್ರೆ. ಬೇಗನೆ ಮೇಲುಹಾಲು ಶುರುಮಾಡಿದ ಮನೆಗಳಲ್ಲಿ ಹಾಲನ್ನು ಹಿತ್ತಾಳೆ ಅಥವಾ ತಾಮ್ರದ ಪಾತ್ರೆಯಲ್ಲಿ ಕಾಯಿಸಿ ಇಡುತ್ತಿದ್ದರು. ಹಿತ್ತಾಳೆ ಅಂದರೆ ತಾಮ್ರಕ್ಕೆ ಸತು ಬೆರೆಸಿದ್ದು. ಹಾಲಿನ ಪ್ರೋಟೀನು ಪಾತ್ರೆಯ ತಾಮ್ರವನ್ನು ಎಳೆದುಕೊಂಡು ಹಿಡಿದಿಟ್ಟುಕೊಳ್ಳುತ್ತದೆ. ಹೆಚ್ಚಾದ ತಾಮ್ರವನ್ನು ಹೊರಹಾಕುವ ಶಕ್ತಿ ಕೂಸಿನ ಲಿವರ್‌ಗೆ ಇನ್ನೂ ಬಂದಿರುವುದಿಲ್ಲ.

ಆಸ್ಟ್ರಿಯಾದ ಟಿರೋಲ್ ಪ್ರಾಂತ್ಯದಲ್ಲೂ ಇದೇ ಕಥೆ. 1900ರಿಂದ 1974ರ ನಡುವೆ ಅಲ್ಲಿ 138 ಮಕ್ಕಳು ಇಂಥದ್ದೇ ಕಾಯಿಲೆಯಿಂದ ಸತ್ತರು. ಅಲ್ಲಿಯೂ ಹಸುವಿನ ಹಾಲನ್ನು ತಾಮ್ರದ ಪಾತ್ರೆಯಲ್ಲಿ ಕಾಯಿಸುತ್ತಿದ್ದರು. ಅಂಥ ಹಾಲು ಕುಡಿದ ಎಲ್ಲ ಮಕ್ಕಳಿಗೂ ಕಾಯಿಲೆ ಬರಲಿಲ್ಲ, ವಂಶವಾಹಿಯ ಪಾತ್ರವೂ ಇತ್ತೆಂದು ಕಾಣುತ್ತದೆ. ಆದರೆ ಪಾತ್ರೆ ಬದಲಾದ ಮೇಲೆ ಎರಡೂ ಕಡೆ ಕಾಯಿಲೆ ಹೆಚ್ಚುಕಡಿಮೆ ಮಾಯವಾಯಿತು. ನಮ್ಮಲ್ಲಿ ಅದಕ್ಕೆ ಕಾರಣ ಮನೆಮನೆಗೆ ಬಂದ ಸ್ಟೀಲ್. ಈಗ ಹಳೆಯ ಪಾತ್ರೆಗಳು ಮತ್ತೆ ಫ್ಯಾಷನ್ ಆಗುತ್ತಿರುವಾಗ ಈ ಕಥೆಯನ್ನು ಮಾತ್ರ ಯಾರೂ ಫಾರ್ವರ್ಡ್ ಮಾಡುವುದಿಲ್ಲ.

ಆದ್ದರಿಂದ ಕೂಸಿನ ಹಾಲು, ಹಾಲಿನ ಪುಡಿ ಕಲಸುವ ನೀರು ಯಾವುದನ್ನೂ ತಾಮ್ರ, ಹಿತ್ತಾಳೆ ಪಾತ್ರೆಯಲ್ಲಿ ಕಾಯಿಸಬೇಡಿ, ಇಡಲೂ ಬೇಡಿ. ವಿಲ್ಸನ್ಸ್ ಕಾಯಿಲೆ ಇರುವವರು ಚೊಂಬಿನ ನೀರನ್ನು ಮುಟ್ಟಲೇಬಾರದು. ಅವರ ಮೈ ತಾಮ್ರವನ್ನು ಹೊರಹಾಕುವುದಿಲ್ಲ.

ನಲ್ಲಿ ನೀರಿನಲ್ಲೂ ತಾಮ್ರ ಬರಬಹುದೇ?

ಬರಬಹುದು, ಪೈಪು ತಾಮ್ರದ್ದಾಗಿದ್ದರೆ. ಅಮೆರಿಕ, ಯುರೋಪಿನಲ್ಲಿ ಇದು ಸಾಮಾನ್ಯ. ನಮ್ಮ ಮನೆಗಳಲ್ಲಿ ಹೆಚ್ಚಾಗಿ ಪ್ಲಾಸ್ಟಿಕ್ ಪೈಪು ಇರುವುದರಿಂದ ಚಿಂತೆ ಕಡಿಮೆ. ಆದರೂ ಕೆಲವು ಗೀಸರುಗಳ ಒಳಗಿನ ಟ್ಯಾಂಕು ತಾಮ್ರದ್ದು, ಬಿಸಿನೀರು ತಾಮ್ರವನ್ನು ಬೇಗ ಕರಗಿಸುತ್ತದೆ. ಗೀಸರ್ ನೀರಿನಲ್ಲಿ ಅಡುಗೆ ಮಾಡಬೇಡಿ. ತಾಮ್ರದ ಪೈಪು ಇರುವ ಮನೆಯಲ್ಲಿ ಬೆಳಗಿನ ಮೊದಲ ನೀರನ್ನು ಗಿಡಕ್ಕೆ ಬಿಟ್ಟು ಆಮೇಲೆ ಕುಡಿಯಲು ಹಿಡಿಯಿರಿ. ಸಿಂಕಿನಲ್ಲಿ ನೀರು ತೊಟ್ಟಿಕ್ಕುವ ಜಾಗದಲ್ಲಿ ನೀಲಿ-ಹಸಿರು ಕಲೆ ಬಿದ್ದಿದ್ದರೆ ಅದು ತಾಮ್ರದ ಗುರುತು. ಕುದಿಸಿದರೆ ತಾಮ್ರ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಸಾಂದ್ರತೆ ಹೆಚ್ಚುತ್ತದೆ. ಟಿಡಿಎಸ್ ಮೀಟರೂ ತಾಮ್ರವನ್ನು ಬೇರೆಯಾಗಿ ತೋರಿಸುವುದಿಲ್ಲ. ಅನುಮಾನ ಇದ್ದರೆ ನೀರಿನ ಪರೀಕ್ಷಾಲಯಕ್ಕೆ ಕೊಡಿ, ತಾಮ್ರವನ್ನೂ ನೋಡಿ ಅಂತ ಕೇಳಿ ಬರೆಸಿ.

ಇನ್ನು ಚೊಂಬಿನ ಆರೈಕೆ. ಹುಣಸೆಹಣ್ಣು, ಉಪ್ಪು ಹಾಕಿ ತಿಕ್ಕಿದ ಮೇಲೆ ಮೂರ್ನಾಲ್ಕು ಸಲ ಚೆನ್ನಾಗಿ ತೊಳೆಯಿರಿ, ತಳದಲ್ಲಿ ಉಳಿದ ಹುಳಿಯಲ್ಲಿ ಕರಗಿದ ತಾಮ್ರವೇ ಇರುತ್ತದೆ. ಒಳಗೆ ಹಸಿರು ಕಿಲುಬು ಕಂಡರೆ ಆ ನೀರನ್ನು ಚೆಲ್ಲಿ. ಬರೀ ನೀರನ್ನು ಒಂದು ರಾತ್ರಿ ಇಟ್ಟರೆ ಸಾಕು. ಅಟ್ಟದ ಮೇಲಿರುವ ಅಜ್ಜಿ ಕಾಲದ ಹಿತ್ತಾಳೆ ಪಾತ್ರೆಯಲ್ಲಿ ಸಾರು, ಹುಳಿ ಮಾಡುವ ಆಸೆ ಇದ್ದರೆ ಮೊದಲು ಒಳಗೆ ಕಲಾಯಿ ಹಾಕಿಸಿ. ಕಲಾಯಿ ಹಾಕುವವರು ನಿಮ್ಮ ಊರಿನಲ್ಲಿ ಸಿಗದಿದ್ದರೆ ಅದು ಸ್ನಾನದ ನೀರಿಗೋ ಹೂವಿನ ಅಲಂಕಾರಕ್ಕೋ ಇರಲಿ.